ಹತ್ತರಿಂದ ಹನ್ನೆರಡರವರೆಗೆ ಯಾರೂ ಫೋನ್ ಎತ್ತಬಾರದು

ಓಡ್‌ಮುಂಡ್ ಕುರ್ಚಿಯಲ್ಲಿ ನೆಟ್ಟಗೆ ಕೂತದ್ದನ್ನು ನಾನು ನೋಡಿದ್ದು ಕಡಿಮೆ. ಶಾಲೆಯಲ್ಲಿ ನನ್ನ ಪಕ್ಕದ ಬೆಂಚಿನವನು. ಅಲ್ಲೂ ಅರ್ಧ ಎದ್ದೇ ಇರುತ್ತಿದ್ದ. ದೊಡ್ಡವನಾದ ಮೇಲೆ ಕಾಫಿಯನ್ನು ನಿಂತೇ ಕುಡಿದ, ಊಟವನ್ನು ಕಿಟಕಿ ಹತ್ತಿರ ನಿಂತು ಮುಗಿಸಿದ, ಮದುವೆಯನ್ನೂ ಹೆಚ್ಚುಕಡಿಮೆ ಹಾಗೇ ಮುಗಿಸಿದ. ಬಿಟ್ಟುಹೋಗುವ ದಿನ ಅವನ ಹೆಂಡತಿ ನನ್ನ ಹತ್ತಿರ ಬಂದು ಹೇಳಿದ್ದಳು:

"ಸಿಗ್ರುನ್, ಇವನ ಜೊತೆ ಸಂಸಾರ ಮಾಡೋದೂ ಒಂದೇ, ದೋಣಿ ದಕ್ಕೆಯಲ್ಲಿ ಟಿಕೆಟ್ ಹಿಡ್ಕೊಂಡು ಕೂತಿರೋದೂ ಒಂದೇ ಕಣೇ. ಈಗ ಬರ್ತಾನೋ, ಈಗ ಹೋಗ್ತಾನೋ, ಅವನಿಗೇ ಗೊತ್ತಿರಲ್ಲ."

ನಾನು ನಕ್ಕೆ. ನಗಬಾರದಿತ್ತು, ಆದರೆ ಮಾತು ನಿಜವಾಗಿತ್ತು.

ನಮ್ಮದು ಸ್ಕಾರ್‌ವೇರ್ ದ್ವೀಪ. ಹುಟ್ಟಿದವರೆಲ್ಲ ಒಂದೋ ಮೀನು ಹಿಡಿಯಬೇಕು, ಇಲ್ಲವೇ ಹಿಡಿದವರ ಮೀನು ತೂಗಬೇಕು. ನಾನು ತೂಗುವವಳು, ದಕ್ಕೆಯ ಮೇಲೆ ದೋಣಿಗಳ ಮೀನು ಕೊಳ್ಳುವ ಮೀನು ಕಟ್ಟೆಯಲ್ಲಿ ಹದಿನೆಂಟನೇ ವಯಸ್ಸಿನಿಂದ ಕೆಲಸ. ಓಡ್‌ಮುಂಡ್ ಎರಡನ್ನೂ ಮಾಡಲಿಲ್ಲ. ಟೆಲಿಫೋನ್ ಇಲಾಖೆ ಸೇರಿ ಕಂಬ ಹತ್ತಿದ, ತಂತಿ ಎಳೆದ. ಆಮೇಲೆ ಮೀನುಗಾರರ ಸಹಕಾರ ಸಂಘದವರು ಅವನನ್ನು ಟ್ರಾಂಡ್‌ಹೈಮ್ ನಗರಕ್ಕೆ ಕಳಿಸಿ ಕಂಪ್ಯೂಟರಿನ ಕೆಲಸ ಕಲಿಸಿದರು. ಅಲ್ಲಿಂದ ಬಂದವನ ಕೈಗೆ ಕರಾವಳಿಯುದ್ದದ ಮೀನು ಕಟ್ಟೆಗಳ ಯಂತ್ರಗಳೆಲ್ಲ ಬಂದವು. ಈ ದೋಣಿಯಿಂದ ಇಳಿದು ಆ ದೋಣಿ ಹತ್ತುವುದೇ ಅವನ ಉದ್ಯೋಗವಾಯಿತು. ಅವನಂಥವನಿಗೆ ಅದಕ್ಕಿಂತ ಒಳ್ಳೆಯ ಉದ್ಯೋಗ ಯಾರೂ ಹುಡುಕಿಕೊಡಲಾರರು.

ಆ ಚಳಿಗಾಲ, ಕಾಡ್ ಮೀನಿನ ಸುಗ್ಗಿ ಶುರುವಾಗುವ ಮುಂಚೆ, ಸಂಘ ಒಂದು ಆಜ್ಞೆ ಹೊರಡಿಸಿತು. ಪ್ರತಿ ಕಟ್ಟೆಯೂ ತೂಗಿದ ಮೀನನ್ನು ಆಗಿಂದಾಗಲೇ ಟ್ರಾಂಡ್‌ಹೈಮಿನ ದೊಡ್ಡ ಕಂಪ್ಯೂಟರಿಗೆ ತಿಳಿಸಬೇಕು. ತಿಳಿಸಲಾಗದ ಕಟ್ಟೆಯನ್ನು ಸುಗ್ಗಿಯ ಕೊನೆಗೆ ಮುಚ್ಚಲಾಗುವುದು, ದೋಣಿಗಳು ಮೀನನ್ನು ದಡದ ಊರಿಗೆ ಒಯ್ಯಬೇಕು. ಸ್ಕಾರ್‌ವೇರಿನ ಹೆಸರು ಮುಚ್ಚುವವುಗಳ ಸಾಲಿನಲ್ಲಿತ್ತು. ಓಡ್‌ಮುಂಡ್ ಹೋಗಿ ಸಂಘದ ಅಧಿಕಾರಿ ಲೋರೆಂಟ್ಸೆನ್‌ನ ಮೇಜಿನ ಮುಂದೆ ನಿಂತು, ಒಂದು ಅವಕಾಶ ಕೊಡಿ, ನಮ್ಮೂರಿನ ಕಟ್ಟೆಯನ್ನು ನಾನು ಕಂಪ್ಯೂಟರಿಗೆ ಜೋಡಿಸಿಕೊಡುತ್ತೇನೆ ಎಂದು ಹಟ ಹಿಡಿದ. ಲೋರೆಂಟ್ಸೆನ್ ಒಂದು ಷರತ್ತಿನ ಮೇಲೆ ಒಪ್ಪಿದ. ಒಂದು ಇಡೀ ಬೆಳಗ್ಗೆ, ದೋಣಿಗಳು ಬರುವ ಹತ್ತರಿಂದ ಹನ್ನೆರಡರವರೆಗೆ, ಸಂಪರ್ಕ ಒಮ್ಮೆಯೂ ಕಡಿಯಬಾರದು. ತಾನೇ ಬಂದು ಪಕ್ಕದಲ್ಲಿ ನಿಂತು ನೋಡುತ್ತೇನೆ ಎಂದ.

ಹೀಗೆ ಒಂದು ಪರದೆ, ಒಂದು ಕೀಲಿಮಣೆ, ಟೆಲಿಫೋನ್ ತಂತಿಯೊಳಗೆ ಶಿಳ್ಳೆ ಹಾಕಿ ಅಕ್ಷರ ಸಾಗಿಸುವ ಒಂದು ಮೋಡೆಮ್ ನನ್ನ ತಕ್ಕಡಿಯ ಪಕ್ಕಕ್ಕೆ ಬಂದು ಕೂತವು. ಅಸಲಿ ವಸ್ತು ಮಾತ್ರ ಇಲ್ಲಿರಲಿಲ್ಲ. ಅದು ದಡದ ಊರಿನಲ್ಲಿ, ಸಂಘದ ಕಚೇರಿಯ ಕಪಾಟಿನಲ್ಲಿತ್ತು. ಪ್ರೊಟೊಕಾಲ್ ಪರಿವರ್ತಕ ಎಂದು ಅದರ ಹೆಸರಂತೆ. ನಾವು ಪೆಟ್ಟಿಗೆ ಎಂದೆವು.

ಆ ಪೆಟ್ಟಿಗೆ ಏನು ಮಾಡುತ್ತದೆಂದು ಓಡ್‌ಮುಂಡ್ ತನ್ನ ಸೋದರತ್ತೆ ಯೆನ್ಸೀನಾಳ ಅಡುಗೆಮನೆಯಲ್ಲಿ ನಮಗೆ ವಿವರಿಸಿದ. ಯೆನ್ಸೀನತ್ತೆ ಅವನೊಬ್ಬನಿಗಲ್ಲ, ದ್ವೀಪಕ್ಕೆಲ್ಲ ಅತ್ತೆ. ಎಂಬತ್ತರ ಹತ್ತಿರದ ಹೆಂಗಸು, ಕುರಿ ಸಾಕುತ್ತಿದ್ದಳು, ಕುರಿಗಿಂತ ಹೆಚ್ಚಾಗಿ ನಮ್ಮನ್ನು ಮೇಯಿಸುತ್ತಿದ್ದಳು.

"ಟ್ರಾಂಡ್‌ಹೈಮಿನ ಯಂತ್ರ ಇದೆಯಲ್ಲ, ಅದು ಎಲ್ಲಾ ಊರಿನ ಪರದೆಗಳನ್ನೂ ಸರದಿ ಪ್ರಕಾರ ಕೇಳ್ತಾ ಹೋಗುತ್ತೆ," ಎಂದ ಓಡ್‌ಮುಂಡ್, ಕೈಯಲ್ಲಿ ಲೋಟ ಹಿಡಿದು ಒಲೆಗೂ ಬಾಗಿಲಿಗೂ ಓಡಾಡುತ್ತಾ. "'ಇದ್ದೀಯಾ? ಏನಾದ್ರೂ ಹೇಳೋದಿದೆಯಾ?' ಅಂತ. ಥಟ್ಟನೆ ಉತ್ತರ ಬರದಿದ್ರೆ, ಸತ್ತಿದೆ ಅಂತ ಬಿಟ್ಟು ಮುಂದೆ ಹೋಗುತ್ತೆ. ಅದೂ ಅಲ್ದೆ ಅದಕ್ಕೆ ಇಡೀ ಪುಟ ಒಂದೇ ಸಲ ಕೊಡ್ಬೇಕು. ನಮ್ಮ ಪರದೆ ಒಂದೊಂದೇ ಅಕ್ಷರ ಕಳಿಸೋದು. ನಮ್ಮ ತಂತಿ ನಿಧಾನ. ಅದಕ್ಕೆ ಮಧ್ಯೆ ಪೆಟ್ಟಿಗೆ. ನಮ್ಮ ಅಕ್ಷರ ಕೂಡಿಹಾಕಿ ಪುಟ ಮಾಡಿ ಅದಕ್ಕೆ ಕೊಡುತ್ತೆ, ಅದರ ಪುಟ ಒಡೆದು ನಮಗೆ ಕೊಡುತ್ತೆ. ಅಲ್ಲೀತನಕ ಅದು ಕೇಳಿದಾಗೆಲ್ಲ ನಮ್ಮ ಪರವಾಗಿ ತಾನೇ ಹೇಳ್ತಿರುತ್ತೆ: 'ಇದ್ದಾರೆ, ಇದ್ದಾರೆ, ಇದ್ದಾರೆ.'"

"ಕೂತ್ಕೊಂಡು ಹೇಳೋ, ತಲೆ ತಿರುಗುತ್ತೆ," ಎಂದಳು ಯೆನ್ಸೀನತ್ತೆ. "ಇದೇನು ಹೊಸದು? ದಿನಾ ಹತ್ತು ಗಂಟೆಗೆ ನಾನು ಮಾಡೋ ಕೆಲಸ ತಾನೆ ಇದು?"

ಅದೂ ನಿಜ. ದ್ವೀಪದ ನಮ್ಮ ತುದಿಗೆ ಇದ್ದದ್ದು ಒಂದೇ ಟೆಲಿಫೋನ್ ತಂತಿ. ಮೀನು ಕಟ್ಟೆಯೂ ನಾಲ್ಕು ಮನೆಗಳೂ ಅದನ್ನೇ ಹಂಚಿಕೊಂಡಿದ್ದೆವು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಎತ್ತಿದರೆ ಎಲ್ಲವೂ ಕೇಳುತ್ತದೆ. ಕದ್ದು ಕೇಳುವುದು ತಪ್ಪು, ಕೇಳುವುದು ತಪ್ಪಲ್ಲ ಎಂಬುದು ನಮ್ಮ ಕಡೆಯ ನಡತೆ. ಅದಕ್ಕೆ ಎತ್ತಿದ ಕೂಡಲೇ ಹೆಸರು ಹೇಳಬೇಕು. "ನಾನು ಸಿಗ್ರುನ್, ನೀವು ಮಾತಾಡಿ," ಎಂದು. ದಿನಾ ಬೆಳಗ್ಗೆ ಹತ್ತಕ್ಕೆ ಯೆನ್ಸೀನತ್ತೆ ಒಂದು ಸುತ್ತು ಕರೆಯುತ್ತಿದ್ದಳು. ಎಲ್ಲ ಮನೆಯವರೂ ಎತ್ತಿ ಹೆಸರು ಹೇಳಬೇಕು, ಒಂದು ಮಾತು ಆಡಬೇಕು. ಯಾರ ಕುರಿ ಕುಂಟುತ್ತಿದೆ, ಯಾರ ಗಂಡ ಇನ್ನೂ ಎದ್ದಿಲ್ಲ. ಮುದುಕಿಗೆ ಹೊತ್ತು ಹೋಗದೆ ಮಾಡುವ ಹರಟೆ ಎಂದೇ ನಾವೆಲ್ಲ ತಿಳಿದಿದ್ದೆವು.

"ಆದ್ರೆ ಒಂದು ಕಣೋ," ಎಂದಳು ಅತ್ತೆ, "ಅವರೇ ಬಾಯಿಬಿಟ್ಟು ಹೇಳೋವರೆಗೂ ನಾನು ಯಾರನ್ನೂ ಇದ್ದಾರೆ ಅನ್ನಲ್ಲ. ನಿನ್ನ ಪೆಟ್ಟಿಗೆ ಭಾರೀ ಧಾರಾಳಿ."

ಓಡ್‌ಮುಂಡ್ ನಕ್ಕು ಲೋಟ ತೊಳೆದಿಟ್ಟು ಹೊರಟೇಬಿಟ್ಟ.

ಮೊದಲ ದಿನ ಓಡ್‌ಮುಂಡ್ ಮತ್ತು ನಾನು ಇಬ್ಬರೇ ಪ್ರಯತ್ನಿಸಿ ನೋಡಿದೆವು. ನಮ್ಮೂರಿನ ಮೀನುಗಾರ ಹಾಲ್ವಾರ್ಡ್ ತನ್ನ ಪುಟ್ಟ ದೋಣಿ ಕಟ್ಟಿ ಕ್ರೇಟುಗಳನ್ನು ಮೇಲೆ ಎತ್ತಿಕೊಟ್ಟ. ನಾನು ತೂಗಿದೆ, ಕೀಲಿ ಒತ್ತಿದೆ. ಅಕ್ಷರಗಳು ಸಾಲಾಗಿ ಬಂದವು, ನನಗೆ ಒಳಗೊಳಗೇ ಹೆಮ್ಮೆಯಾಯಿತು. ಅಷ್ಟರಲ್ಲಿ ಹತ್ತು ಗಂಟೆ. ಯೆನ್ಸೀನತ್ತೆ ಫೋನ್ ಎತ್ತಿ ತಂತಿಗೆ ಕೂಗಿ ಹೇಳಿದಳು: "ಯೆನ್ಸೀನಾ ಮಾತಾಡ್ತಿರೋದು! ಯಾರದು ಶಿಳ್ಳೆ ಹೊಡೀತಿರೋದು, ನಾಚಿಕೆ ಆಗಲ್ವಾ?" ಅವಳ ದನಿಯೆಲ್ಲ ಅಕ್ಷರವಾಗಿ, ಅಂಕಿಯಾಗಿ ಪರದೆಯ ಮೇಲೆ ಸುರಿಯಿತು. ಪೆಟ್ಟಿಗೆ ಅದನ್ನೂ ಶ್ರದ್ಧೆಯಿಂದ ಪುಟ ಮಾಡಿ ಟ್ರಾಂಡ್‌ಹೈಮಿಗೆ ಒಪ್ಪಿಸಿತು. ಆ ಪುಟದ ಲೆಕ್ಕದಲ್ಲಿ ಆ ಬೆಳಗ್ಗೆ ಹಾಲ್ವಾರ್ಡ್ ಒಬ್ಬನೇ ಇಡೀ ಕರಾವಳಿಯ ಮೀನನ್ನೆಲ್ಲ ಹಿಡಿದು ತಂದಿದ್ದ.

"ಇನ್ನೇನು, ಸಂಘದವರು ನನ್ನ ಹೆಸರಲ್ಲಿ ಒಂದು ಬೀದಿ ಮಾಡ್ತಾರೆ," ಎಂದ ಹಾಲ್ವಾರ್ಡ್.

ಓಡ್‌ಮುಂಡ್ ನಗಲಿಲ್ಲ. ಕಟ್ಟೆಯ ಈ ತುದಿಯಿಂದ ಆ ತುದಿಗೆ ನಡೆದ, ಮತ್ತೆ ಈ ತುದಿಗೆ ಬಂದ. ಮರುದಿನ ಇನ್ಯಾರೋ ಎತ್ತಿದರು. ಅದರ ಮರುದಿನ ಸಂಪರ್ಕ ಪೂರ್ತಿ ಕಡಿದೇ ಹೋಯಿತು. ಪರದೆ ಕಲ್ಲಿನಂತೆ ಕೂತಿತು, ದೋಣಿಯವರು ಚಳಿಯಲ್ಲಿ ಬೈಯುತ್ತಾ ನಿಂತರು. ಆಮೇಲೆ ಲೋರೆಂಟ್ಸೆನ್‌ಗೆ ಫೋನ್ ಮಾಡಿದರೆ ಅವನು, "ಏನು ಕಡಿದಿತ್ತು? ಇಲ್ಲಿ ಬೆಳಗ್ಗೆಯಿಂದ ಸ್ಕಾರ್‌ವೇರ್ ಇದೆ ಅಂತಾನೇ ತೋರಿಸ್ತಿದೆಯಲ್ಲ," ಎಂದ. ಪೆಟ್ಟಿಗೆ ನಮ್ಮ ಪರವಾಗಿ ಇದ್ದಾರೆ, ಇದ್ದಾರೆ ಎನ್ನುತ್ತಲೇ ಇತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

ಕಟ್ಟೆಗೆ ಬೇರೆ ತಂತಿ ಕೇಳಿ ನೋಡಿದ ಓಡ್‌ಮುಂಡ್. ಸಮುದ್ರದ ತಳದ ಕೇಬಲ್ಲಿನಲ್ಲಿ ಜಾಗವಿಲ್ಲ, ಇನ್ನೆರಡು ವರ್ಷ ಆ ಮಾತೇ ಎತ್ತಬೇಡಿ ಎಂದರು ಟೆಲಿಫೋನ್ ಇಲಾಖೆಯವರು. ಉಳಿದದ್ದು ಒಂದೇ ದಾರಿ. ಅವನು ಮನೆಮನೆಗೆ ಹೋದ. ಎಲ್ಲ ಅಡುಗೆಮನೆಗಳಲ್ಲೂ ನಿಂತೇ ಕಾಫಿ ಕುಡಿದು, ಟೋಪಿ ಕೈಯಲ್ಲಿ ಹಿಡಿದು ಕೇಳಿಕೊಂಡ: ಲೋರೆಂಟ್ಸೆನ್ ಬರುವ ದಿನ ಹತ್ತರಿಂದ ಹನ್ನೆರಡರವರೆಗೆ ಯಾರೂ ಫೋನ್ ಎತ್ತಬಾರದು.

ಯೆನ್ಸೀನತ್ತೆಯ ಮನೆಗೆ ಅವನ ಜೊತೆ ನಾನೂ ಹೋಗಿದ್ದೆ. ಅವಳಿಗೆ ಮೊದಲು ಸಿಟ್ಟು ಬಂತು.

"ಅಂದ್ರೆ ನನ್ನ ಸುತ್ತು ಬೇಡ ಅಂತೀಯ."

"ಒಂದೇ ದಿನ ಅತ್ತೆ."

"ಒಂದೇ ದಿನ ಅಂತ ಶುರುವಾಗುತ್ತೆ. ಆಮೇಲೆ ದಿನಾ ನಿನ್ನ ಶಿಳ್ಳೇನೇ ತಾನೆ?"

ಓಡ್‌ಮುಂಡ್ ಟೋಪಿಯ ಅಂಚು ತಿರುಗಿಸಿದ. ಪರೀಕ್ಷೆ ಗೆದ್ದರೆ ಸುಗ್ಗಿ ಮುಗಿಯುವವರೆಗೂ ದಿನಾ ಹಾಗೇ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅತ್ತೆ ಅವನ ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇಲ್ಲಾಂದ್ರೆ ಕಟ್ಟೆ ಮುಚ್ತಾರೆ, ಅಲ್ವೇನೇ?"

"ಹೌದು ಅತ್ತೆ."

"ಕಟ್ಟೆ ಮುಚ್ಚಿದ್ರೆ ಇಲ್ಲೇನಿರುತ್ತೆ, ನಾನೂ ನನ್ನ ಕುರೀನೂ. ಆಯ್ತು ಹೋಗೋ. ನನ್ನ ಕೈ ಆ ಫೋನಿಗೆ ತಗಲಲ್ಲ. ಮಾತು ಅಂದ್ರೆ ಮಾತು."

ಲೋರೆಂಟ್ಸೆನ್ ಬೆಳಗಿನ ದೋಣಿಯಲ್ಲಿ ಪೇಟೆಯ ಬೂಟು ಹಾಕಿಕೊಂಡು ಬಂದಿಳಿದ. ಮಂಜು ಕಟ್ಟಿದ ದಕ್ಕೆಯ ಮೇಲೆ ಹಾಲ್ವಾರ್ಡ್ ಅವನ ತೋಳು ಹಿಡಿದು ಕರೆತಂದ. ಒಳ್ಳೆಯ ಮನುಷ್ಯನೇ, ನನ್ನ ಕಾಫಿಯನ್ನು ಹೊಗಳಿದ, ಕಂದು ಚೀಸು ಹಾಕಿಕೊಂಡು ಎರಡು ತುಂಡು ಬ್ರೆಡ್ ತಿಂದ. ಹತ್ತು ಹೊಡೆಯಿತು. ಮೋಡೆಮ್ ಶಿಳ್ಳೆ ಹಾಕಿತು, ಪರದೆ ಬೆಳಗಿತು.

ಆ ಎರಡು ಗಂಟೆ ಓಡ್‌ಮುಂಡ್ ಒಂದು ನಿಮಿಷ ಒಂದು ಕಡೆ ನಿಲ್ಲಲಿಲ್ಲ. ನನ್ನ ಬೆನ್ನ ಹಿಂದೆ ನಿಂತು ಪರದೆ ನೋಡುವನು, ಕಿಟಕಿಗೆ ಹೋಗಿ ಮನೆಗಳ ಕಡೆ ನೋಡುವನು, ಮೋಡೆಮಿನ ದೀಪಗಳನ್ನು ಬಗ್ಗಿ ನೋಡುವನು. ದೋಣಿಯಾದ ಮೇಲೆ ದೋಣಿ ಬಂತು. ನನ್ನ ಬೆರಳುಗಳು ಚಳಿಗೆ ಮರಗಟ್ಟಿದ್ದವು. ಪ್ರತಿ ಸಲ ಪುಟ ಕಳಿಸುವ ಕೀಲಿ ಒತ್ತಿದಾಗಲೂ ಒಂದೇ ಯೋಚನೆ: ಈಗ ಯಾರೋ ಎತ್ತುತ್ತಾರೆ, ಈಗ ಎತ್ತಿದರು. ಯಾರೂ ಎತ್ತಲಿಲ್ಲ. ಒಂದು ಅಕ್ಷರ ಕದಡಲಿಲ್ಲ. ಟ್ರಾಂಡ್‌ಹೈಮಿನಿಂದ ಬೆಲೆ ಬಂತು, ಒಪ್ಪಿಗೆ ಬಂತು, ಮುಂದಿನ ದೋಣಿಯ ಖಾಲಿ ಪುಟ ಬಂತು.

"ಇಂಥ ಶುದ್ಧವಾದ ತಂತಿ ನಾನು ಪೇಟೆಯಲ್ಲೂ ನೋಡಿಲ್ಲ," ಎಂದ ಲೋರೆಂಟ್ಸೆನ್. "ನಿಮ್ಮೂರಿನವರು ಭಾರೀ ಶಿಸ್ತಿನವರು ಕಣ್ರೀ."

ಹನ್ನೆರಡಾಯಿತು. ನಾನು ಕುರ್ಚಿಗೆ ಒರಗಿ ಅತ್ತುಬಿಟ್ಟೆ. ಹಾಲ್ವಾರ್ಡ್ ಟೋಪಿ ಮೇಲೆಸೆದ. ಓಡ್‌ಮುಂಡ್ ಮಾತ್ರ, "ಎಲ್ಲರಿಗೂ ಹೇಳಿ ಬರ್ತೀನಿ," ಎಂದು ಆಗಲೇ ಬಾಗಿಲಾಚೆ ಇದ್ದ. ಫೋನಿನಲ್ಲಿ ಹೇಳಬಹುದಿತ್ತು. ಅವನಿಗೆ ಓಡಬೇಕಿತ್ತು. ನಾನೂ ಕೋಟು ಎಳೆದುಕೊಂಡು ಹಿಂದೆಯೇ ಹೋದೆ.

ಯೆನ್ಸೀನತ್ತೆಯ ಬಾಗಿಲು ತೆರೆದರೆ ಒಳಗೆ ಒಲೆ ಆರಿತ್ತು. ಅವಳು ಅಡುಗೆಮನೆಯ ನೆಲದ ಮೇಲೆ ಪಕ್ಕಕ್ಕೆ ಮಲಗಿದ್ದಳು. ಒಂದು ಕಾಲು ಇರಬಾರದ ಕಡೆಗೆ ತಿರುಗಿತ್ತು. ಸೌದೆ ಚೆಲ್ಲಾಪಿಲ್ಲಿಯಾಗಿತ್ತು. ಬಿದ್ದಲ್ಲಿಂದ ತೆವಳಿಕೊಂಡು ಫೋನಿನವರೆಗೂ ಬಂದಿದ್ದಳು, ಚಾಪೆ ಎಳೆದ ಗುರುತಿತ್ತು. ಫೋನನ್ನು ಸ್ಟೂಲಿನಿಂದ ಕೆಳಗಿಳಿಸಿ ಎದೆಗೆ ಆನಿಸಿಕೊಂಡಿದ್ದಳು. ಕೈ ಅದರ ಮೇಲಿತ್ತು. ಎತ್ತಿರಲಿಲ್ಲ.

"ಹನ್ನೆರಡಾಯ್ತಾ?" ಎಂದಳು. ತುಟಿ ನೀಲಿಯಾಗಿತ್ತು.

"ಅತ್ತೆ, ಯಾವಾಗ ಬಿದ್ದೆ?" ಎಂದ ಓಡ್‌ಮುಂಡ್.

"ಹನ್ನೆರಡಾಯ್ತಾ ಅಂತ ಕೇಳಿದ್ನಲ್ಲ."

"ಆಯ್ತು ಅತ್ತೆ. ಆಯ್ತು," ಎಂದೆ ನಾನು.

"ನೀನು ಶಿಳ್ಳೆ ಶುರು ಮಾಡಿದ ಮೇಲೆ ಬಿದ್ದಿದ್ದು ಕಣೋ. ಕೆಲಸ ಆಯ್ತಾ?"

ಓಡ್‌ಮುಂಡ್ ಅವಳ ಪಕ್ಕ ನೆಲಕ್ಕೆ ಕುಸಿದ. ಅವಳ ಕಾಲನ್ನೇ ನೋಡುತ್ತಿದ್ದ. ನಾನೇ ಹೇಳಿದೆ, ಆಯಿತು ಅತ್ತೆ, ಒಂದು ಅಕ್ಷರವೂ ಕೆಡಲಿಲ್ಲ ಎಂದು. ಅವಳು ಕಣ್ಣು ಮುಚ್ಚಿ ನಕ್ಕಳು. ನಾನು ಫೋನ್ ತೆಗೆದುಕೊಂಡು ವೈದ್ಯರಿಗೆ ಕರೆ ಮಾಡಿದೆ. ಅವಳ ಬೆರಳುಗಳನ್ನು ಅದರ ಮೇಲಿಂದ ಒಂದೊಂದಾಗಿ ಬಿಡಿಸಬೇಕಾಯಿತು.

ಮಧ್ಯಾಹ್ನದ ದೋಣಿಯಲ್ಲೇ ಅವಳನ್ನು ದಡದ ಆಸ್ಪತ್ರೆಗೆ ಸಾಗಿಸುವುದೆಂದಾಯಿತು. ಲೋರೆಂಟ್ಸೆನ್ ಹೊರಡುವ ದೋಣಿಯೂ ಅದೇ. ದಕ್ಕೆಯ ಮೇಲೆ ಎಲ್ಲ ಮನೆಯವರೂ ಸೇರಿದ್ದರು. ಸ್ಟ್ರೆಚರಿನ ಮೇಲೆ ಕಂಬಳಿಯಿಂದ ಮೂಗಿನವರೆಗೆ ಸುತ್ತಿ ಮಲಗಿಸಿದ್ದ ಅತ್ತೆ ಎಲ್ಲರಿಗೂ ಸೂಚನೆ ಕೊಡುತ್ತಿದ್ದಳು: ಕುರಿಗೆ ಇಂತಿಷ್ಟು ಹುಲ್ಲು, ಒಲೆಯ ಬೂದಿ ತೆಗೆಯಿರಿ. ಲೋರೆಂಟ್ಸೆನ್ ಮುಖ ಬಾಡಿಸಿಕೊಂಡು ಅವಳಿಗೆ ಸಮಾಧಾನ ಹೇಳಿದ, ಆಮೇಲೆ ಓಡ್‌ಮುಂಡ್‌ನ ಕಡೆ ತಿರುಗಿ ಕೈ ಚಾಚಿದ.

"ಹಾಗಾದ್ರೆ ಸೋಮವಾರದಿಂದ ಶುರು ಮಾಡ್ಬಹುದು ತಾನೆ? ತಂತಿ ಸರಿಯಿದೆ ಅಂತ ನಿಮ್ಮ ಬಾಯಲ್ಲಿ ಬಂದ್ರೆ ನನಗೆ ಸಾಕು."

ಓಡ್‌ಮುಂಡ್ ಅವನ ಕೈ ಹಿಡಿಯಲಿಲ್ಲ.

"ಬೇಡ," ಎಂದ.

"ಏನು ಬೇಡ?"

"ಈ ತಂತಿ ಮೇಲೆ ಬೇಡ. ಸರಿಯಿಲ್ಲ ಇದು. ಕಟ್ಟೆಗೆ ಅಂತ ಬೇರೆ ತಂತಿ ಕೊಟ್ರೆ ಮಾಡ್ತೀನಿ. ಇಲ್ದಿದ್ರೆ ಇಲ್ಲ."

"ಬೇರೆ ತಂತಿ ಬರಲ್ಲ, ನಿಮಗೇ ಗೊತ್ತು. ಯೋಚನೆ ಮಾಡಿ ಹೇಳಿ. ನೀವು ಇಲ್ಲ ಅಂದ್ರೆ ನಾನು ಮುಚ್ಚಲೇಬೇಕಾಗುತ್ತೆ."

ನನ್ನ ಕೆಲಸ, ಹಾಲ್ವಾರ್ಡ್‌ನ ದೋಣಿ, ಎಲ್ಲವೂ ಇವನ ಒಂದು ಹೂಂ ಮೇಲೆ ನಿಂತಿತ್ತು.

"ಓಡ್‌ಮುಂಡ್, ಹುಚ್ಚು ಹಿಡೀತೇನೋ?" ಎಂದೆ. "ಹೂಂ ಅನ್ನು. ಮನೆಗಳಿಗೆ ಏನಾದ್ರೂ ದಾರಿ ನೋಡೋಣ. ಮೊದಲು ಹೂಂ ಅನ್ನು."

"ಏನು ದಾರಿ? ದಿನಾ ಎರಡು ಗಂಟೆ, ಇಡೀ ಸುಗ್ಗಿ. ಯಾರೂ ಬೀಳಬಾರದು, ಯಾರ ಮನೆಗೂ ಬೆಂಕಿ ಬೀಳಬಾರದು ಅಂತ ಹೇಳಿಬರ್ಲಾ?"

ಕಂಬಳಿಯೊಳಗಿಂದ ಯೆನ್ಸೀನತ್ತೆಯ ದನಿ ಬಂತು. ನೋವಿಗೆ ನಡುಗುತ್ತಿತ್ತು, ಆದರೂ ಎಲ್ಲರಿಗೂ ಕೇಳಿಸಿತು.

"ಏಯ್, ಇಲ್ಲಿ ಬಾರೋ. ಬಿದ್ದಿದ್ದು ನಾನು. ಫೋನ್ ಪಕ್ಕದಲ್ಲೇ ಇದ್ರೂ ಎತ್ತದೇ ಮಲಗಿದ್ದು ನಾನು. ನನಗೇನೂ ಬುದ್ಧಿ ಕೆಟ್ಟಿರ್ಲಿಲ್ಲ. ಎತ್ತಿದ್ರೆ ಕಟ್ಟೆ ಹೋಗುತ್ತೆ ಅಂತ ಗೊತ್ತಿದ್ದೇ ಎತ್ತಲಿಲ್ಲ. ಈಗ ಬೇಡ ಅನ್ನೋಕೆ ನೀನ್ಯಾರು?"

ಓಡ್‌ಮುಂಡ್ ಸ್ಟ್ರೆಚರಿನ ಹತ್ತಿರ ಹೋದ. ಅಷ್ಟು ಹೊತ್ತು ಅಲುಗಾಡದೆ ನಿಂತ ಓಡ್‌ಮುಂಡ್‌ನನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ನೀನು ಎತ್ತಬೇಕಿತ್ತು ಅತ್ತೆ."

"ಎತ್ತಲಿಲ್ಲ. ಮುಗೀತು. ಹೂಂ ಅನ್ನು ಅವರಿಗೆ."

"ಅನ್ನಲ್ಲ."

"ಹಾಗಾದ್ರೆ ನಾನು ಆ ನೆಲದ ಮೇಲೆ ಬೆಳಗ್ಗೆಯೆಲ್ಲ ಬಿದ್ದಿದ್ದು ಸುಮ್ನೇನಾ?"

"ಹೌದು ಅತ್ತೆ," ಎಂದ. "ಸುಮ್ನೆ."

ಅವಳು ಮುಖ ಆ ಕಡೆ ತಿರುಗಿಸಿಕೊಂಡಳು. ದೋಣಿಯವರು ಸ್ಟ್ರೆಚರ್ ಎತ್ತಿದರು. ಅವನು ಒಂದು ತುದಿ ಹಿಡಿಯಲು ಹೋದ. "ಇವನು ಬೇಡ, ಹಾಲ್ವಾರ್ಡ್ ಹಿಡೀಲಿ," ಎಂದಳು ಅತ್ತೆ. ಹಾಲ್ವಾರ್ಡ್ ಹಿಡಿದ. ಲೋರೆಂಟ್ಸೆನ್ ಹಿಂದೆಯೇ ದೋಣಿ ಹತ್ತಿದ. ಓಡ್‌ಮುಂಡ್ ಕೊನೆಯವನಾಗಿ ಹತ್ತಿ, ಅತ್ತೆಯ ಕಣ್ಣಿಗೆ ಬೀಳದ ಹಾಗೆ ಹಿಂಭಾಗದಲ್ಲಿ, ಹಗ್ಗದ ಸುರುಳಿಯ ಪಕ್ಕ ನಿಂತ.

ಸುಗ್ಗಿ ಮುಗಿದ ವಾರವೇ ನಮ್ಮ ಕಟ್ಟೆಗೆ ಬೀಗ ಬಿತ್ತು. ಹಾಲ್ವಾರ್ಡ್ ದೋಣಿ ಮಾರಿದ. ನನಗೆ ದಡದ ಊರಿನಲ್ಲಿ, ಸಂಘದ ಕಚೇರಿಯಲ್ಲೇ ಕೆಲಸ ಕೊಟ್ಟರು. ಈಗ ಆ ಪೆಟ್ಟಿಗೆ ಇರುವ ಕಪಾಟು ನನ್ನ ಬೆನ್ನ ಹಿಂದೆಯೇ ಇದೆ. ಸ್ಕಾರ್‌ವೇರಿನವರು ಬಹಳ ಕಾಲ ಓಡ್‌ಮುಂಡ್‌ನನ್ನು ಕಂಡರೆ ದಾರಿ ಬದಲಿಸಿದರು. ನಾನೂ ಬದಲಿಸಿದೆ. ನಾನಾಗಿದ್ದರೆ ಹೂಂ ಎನ್ನುತ್ತಿದ್ದೆ, ಕಣ್ಣು ಮುಚ್ಚಿ ಎನ್ನುತ್ತಿದ್ದೆ, ಆಮೇಲೆ ಪ್ರತಿ ಬೆಳಗ್ಗೆ ಪರದೆ ಶುದ್ಧವಾಗಿದ್ದಾಗೆಲ್ಲ ಯಾರ ಮನೆಯ ನೆಲದ ಮೇಲೆ ಯಾರು ಬಿದ್ದಿದ್ದಾರೋ ಎಂದುಕೊಳ್ಳುತ್ತಾ ಕೀಲಿ ಒತ್ತುತ್ತಿದ್ದೆ. ಇದು ಗೊತ್ತಿದ್ದೂ ಅವನ ಮೇಲಿನ ಸಿಟ್ಟು ನನಗೆ ಇಳಿಯಲಿಲ್ಲ.

ಯೆನ್ಸೀನತ್ತೆ ಕೋಲು ಹಿಡಿದು ಮನೆಗೆ ಮರಳಿದಳು, ಇನ್ನೂ ಕೆಲವು ವರ್ಷ ಬಾಳಿದಳು. ಪ್ರತಿ ಶನಿವಾರ ಓಡ್‌ಮುಂಡ್ ದೋಣಿಯಲ್ಲಿ ಹೋಗಿ ಅವಳ ಸೌದೆ ಒಡೆದುಕೊಟ್ಟು, ಒಲೆಯ ಪಕ್ಕ ಜೋಡಿಸಿಟ್ಟು ಬರುತ್ತಿದ್ದ. ಅವಳು ಅವನಿಗೆ ಕಾಫಿ ಕೊಡುತ್ತಿದ್ದಳು, ಮೀನು ಬೇಯಿಸಿ ಬಡಿಸುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ. ಸಾಯುವ ಮುಂಚಿನ ಚಳಿಗಾಲದಲ್ಲಿ ನಾನು ನೋಡಲು ಹೋಗಿ, ಸಾಕು ಬಿಡು ಅತ್ತೆ, ನಿನ್ನ ಜೀವ ದೊಡ್ಡದು ಅಂತ ತಾನೆ ಅವನು ಬೇಡ ಎಂದದ್ದು ಎಂದೆ.

"ಅದು ನನಗೆ ಗೊತ್ತಿಲ್ವೇನೇ," ಎಂದಳು ಅವಳು. "ನಾನೂ ಒಂದು ದೊಡ್ಡ ಕೆಲಸ ಮಾಡಿದ್ದೆ. ಆಯ್ತು ಅತ್ತೆ, ಒಳ್ಳೇದಾಯ್ತು ಅಂತ ಒಂದು ಸಲ ಅವನ ಬಾಯಲ್ಲಿ ಕೇಳ್ಬೇಕಿತ್ತು."